ನಾಲ್ಕು ನೋಟ್‌ಬುಕ್ ತುಂಬಿವೆ, ಬೇಕಾದಾಗ ಒಂದೂ ಸಿಗುವುದಿಲ್ಲ: ಕೆಲಸ ಕಲಿಯುವವರ ಟಿಪ್ಪಣಿ ಹೇಗಿರಬೇಕು?

ಪ್ರಶ್ನೆ: ಸರ್, ನಂದು ಐಟಿಐ ಎಲೆಕ್ಟ್ರಿಷಿಯನ್ ಆಗ್ಯದ. ಕಲಬುರಗಿ ಕಪನೂರ ಕಡಿ ಒಂದು ಮೋಟರ್ ವೈಂಡಿಂಗ್ ಅಂಗಡ್ಯಾಗ ಕೆಲಸ ಮಾಡ್ಲಾಕತ್ತೀನಿ. ದಾಲ್ ಮಿಲ್ಲಿನ ಮೋಟರ್ ಭಾಳ ಬರ್ತಾವ. ರಾತ್ರಿ ಮನ್ಯಾಗ ವಿಡಿಯೊ ನೋಡಿ ಪಿಎಲ್‌ಸಿ (ಮಷಿನ್ ನಡೆಸೋ ಸಣ್ಣ ಕಂಪ್ಯೂಟರ್), ವಿಎಫ್‌ಡಿ (ಮೋಟರಿನ ವೇಗ ಬದಲಿಸೋ ಡ್ರೈವ್) ಕಲಿಲಾಕತ್ತೀನಿ. ನಾಲ್ಕು ನೋಟ್‌ಬುಕ್ ತುಂಬ್ಯಾವ, ಮೊಬೈಲ್‌ದಾಗ ರಾಶಿ ಸ್ಕ್ರೀನ್‌ಶಾಟ್ ಅವ, ಉಸ್ತಾದರು ಹೇಳಿದ್ದು ವಾಯ್ಸ್ ಮೆಸೇಜ್ ಮಾಡಿ ಇಟ್ಕೊಂಡೀನಿ. ಖರೆ ಹೇಳ್ಬೇಕಂದ್ರ ಬೇಕಾದಾಗ ಒಂದೂ ಸಿಗಂಗಿಲ್ಲ. ಹೋದ ತಿಂಗಳ ನಾನೇ ಬರ್ಕೊಂಡಿದ್ದ ಡೇಟಾ ನೋಡಿ ಒಂದು 5 ಎಚ್‌ಪಿ ಮೋಟರ್ ಸುತ್ತಿದ್ರ ಗರಂ ಆಗಿ ವಾಪಸ್ ಬಂತು. ಉಸ್ತಾದರು 'ಬರಿಯೋದು ಬಿಡು, ಕೈ ಕಲೀಬೇಕು' ಅಂತಾರ. ಗೆಳೆಯ ಆ್ಯಪ್ ಹಾಕ್ಕೊ ಅಂತಾನ. ಎಲ್ಲಾ ನೋಟ್ಸ್ ಮತ್ತ ಚಂದಾಗಿ ಒಂದೇ ಬುಕ್ಕಿನ್ಯಾಗ ಬರೀಲೇನ್ರಿ? ಕನ್ನಡದಾಗ ಬರೀಬೇಕೋ ಇಂಗ್ಲಿಷಿನ್ಯಾಗೋ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳು ಒಂದಾಗಿ ಸೇರಿಕೊಂಡಿವೆ. ಬರೆದದ್ದು ಬೇಕಾದಾಗ ಸಿಗುತ್ತಿಲ್ಲ ಎಂಬುದು ಒಂದು. ಸಿಕ್ಕರೂ ಅದನ್ನು ನಂಬಿ ಕೆಲಸ ಮಾಡುವಂತಿಲ್ಲ ಎಂಬುದು ಎರಡನೆಯದು. ವಾಪಸ್ ಬಂದ ಮೋಟರಿನ ಕಥೆ ಇದೇ. ರಾತ್ರಿ ನೋಡಿದ ವಿಡಿಯೊ ತಲೆಯಲ್ಲಿ ನಿಲ್ಲುತ್ತಿಲ್ಲ ಎಂಬುದು ಮೂರನೆಯದು. ನೀವು ಅದನ್ನು ಬಾಯಿಬಿಟ್ಟು ಹೇಳಿಲ್ಲ, ಆದರೆ ಅಷ್ಟು ಸ್ಕ್ರೀನ್‌ಶಾಟ್ ಸೇರಿರುವುದೇ ಅದನ್ನು ಹೇಳುತ್ತದೆ. ಈ ಮೂರಕ್ಕೂ ಬೇಕಾದ ಟಿಪ್ಪಣಿ ಬೇರೆ ಬೇರೆ. ಎಲ್ಲವನ್ನೂ ತಾರೀಖಿನ ಸಾಲಿನಲ್ಲಿ ಒಂದೇ ಪುಸ್ತಕಕ್ಕೆ ಇಳಿಸುತ್ತಾ ಹೋದರೆ ಅಕ್ಷರ ಎಷ್ಟು ಚಂದ ಇದ್ದರೂ ಕೆಲಸಕ್ಕೆ ಬರುವುದಿಲ್ಲ.

ಉಸ್ತಾದರ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಅರ್ಧ ನಿಜವಿದೆ. ಸ್ಲಾಟಿಗೆ (ತಂತಿ ಕೂರುವ ಸೀಳಿಗೆ) ಪೇಪರ್ ಎಷ್ಟು ಬಿಗಿಯಾಗಿ ಕೂಡಬೇಕು, ಕಾಯಿಲ್ ಇಳಿಸುವಾಗ ಎನಾಮೆಲ್ ಕೆರೆಯದಂತೆ ಬೆರಳು ಹೇಗೆ ಹೋಗಬೇಕು, ಓವರ್‌ಹ್ಯಾಂಗ್ (ಸ್ಲಾಟಿನಿಂದ ಹೊರಗೆ ಚಾಚಿದ ತಂತಿ) ಎಷ್ಟು ತಟ್ಟಬೇಕು, ಇವು ಬರೆದು ಬರುವ ವಿದ್ಯೆಯಲ್ಲ. ಕೈ ನೂರು ಸಲ ಮಾಡಿಯೇ ಕಲಿಯಬೇಕು. ಆದರೆ ತಂತಿಯ ಗೇಜ್ (ದಪ್ಪ), ಟರ್ನ್ಸ್ (ಸುತ್ತುಗಳು), ಪಿಚ್ (ಕಾಯಿಲಿನ ಎರಡು ಬದಿಗಳ ನಡುವಿನ ಅಂತರ), ಕನೆಕ್ಷನ್, ಡ್ರೈವಿನ ಪ್ಯಾರಾಮೀಟರಿಗೆ (ಸೆಟ್ಟಿಂಗಿಗೆ) ಇಟ್ಟ ಅಂಕಿ, ಇವು ಕೈಯಲ್ಲಿ ಉಳಿಯುವುದಿಲ್ಲ. ಇಪ್ಪತ್ತು ವರ್ಷ ಅನುಭವ ಇರುವವರೂ ಇವನ್ನು ಎಲ್ಲೋ ಒಂದು ಕಡೆ ಬರೆದಿಟ್ಟಿರುತ್ತಾರೆ. ಕೈ ಕಲಿಯಬೇಕಾದದ್ದನ್ನು ಬರೆಯುತ್ತಾ ಕೂರಬೇಡಿ, ಅಂಕಿಯನ್ನು ಮಾತ್ರ ಬರೆಯದೆ ಬಿಡಬೇಡಿ.

ಹರಡಿರುವ ಕೆಲವು ನಂಬಿಕೆಗಳನ್ನು ಮೊದಲು ಬದಿಗಿಡೋಣ. ಹಳೆಯ ನೋಟ್ಸನ್ನು ಮತ್ತೆ ಚೊಕ್ಕವಾಗಿ ಬರೆದರೆ ಕಲಿತಂತಾಗುತ್ತದೆ ಎಂಬುದು ನಿಜವಲ್ಲ. ನಕಲು ಮಾಡುವಾಗ ಕಣ್ಣಿಂದ ಕೈಗೆ ಅಕ್ಷರ ಹರಿಯುತ್ತದೆ, ನಡುವೆ ಯೋಚನೆಗೆ ಕೆಲಸವೇ ಇರುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಮನೋವಿಜ್ಞಾನಿಗಳು 2006ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಎರಡು ದಿನ ಮತ್ತು ಒಂದು ವಾರದ ನಂತರ ನೋಡಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರೇ ಮುಂದೆ. ಕೈಯಲ್ಲಿ ಬರೆದರೇ ನೆನಪು, ಟೈಪ್ ಮಾಡಿದರೆ ಮರೆವು ಎಂಬುದೂ ಅಷ್ಟು ಸರಳವಲ್ಲ. 2014ರಲ್ಲಿ ಹಾಗೆ ಹೇಳಿದ ಒಂದು ಅಧ್ಯಯನ ಬಹಳ ಪ್ರಚಾರ ಪಡೆಯಿತು. 2021ರಲ್ಲಿ ಅದನ್ನೇ ಮತ್ತೆ ಮಾಡಿ ನೋಡಿದಾಗ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. '24 ಗಂಟೆಯಲ್ಲಿ ಕಲಿತದ್ದರಲ್ಲಿ ಇಷ್ಟು ಭಾಗ ಮರೆತುಹೋಗುತ್ತದೆ' ಎಂಬ ಚಾರ್ಟನ್ನೂ ನೀವು ನೋಡಿರಬಹುದು. ಅದರ ಮೂಲ ಜರ್ಮನಿಯ ಎಬ್ಬಿಂಗ್‌ಹಾಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಅವರೇ ಬಾಯಿಪಾಠ ಮಾಡಿ ತಮ್ಮ ನೆನಪನ್ನೇ ಅಳೆದುಕೊಂಡದ್ದು ಅದು. ಸ್ಟಾರ್-ಡೆಲ್ಟಾ (ಮೂರು ಫೇಸಿನ ವೈಂಡಿಂಗ್ ಜೋಡಿಸುವ ಎರಡು ವಿಧ) ಸರ್ಕ್ಯೂಟ್ ಅರ್ಥವಿಲ್ಲದ ಅಕ್ಷರಗುಚ್ಛವಲ್ಲ, ಆ ಅಂಕಿಗಳನ್ನು ನಿಮ್ಮ ಮೇಲೆ ಹೇರಿಕೊಳ್ಳಬೇಡಿ.

ಈಗ ಮೊದಲ ಪುಸ್ತಕ, ಮೋಟರಿನ ಡೇಟಾ. ಹಣ ಮತ್ತು ಹೆಸರು ಎರಡೂ ಕೈಬಿಡುವುದು ಇಲ್ಲೇ, ಹಾಗಾಗಿ ಇದನ್ನು ವಿವರವಾಗಿ ಹೇಳುತ್ತೇನೆ.

'5 ಎಚ್‌ಪಿ, 20 ಗೇಜ್, ಇಷ್ಟು ಟರ್ನ್' ಎಂದು ಒಂದು ಸಾಲು ಬರೆದಿಡುವುದು ಅಂಗಡಿಗಳಲ್ಲಿ ವಾಡಿಕೆ. ನಿಮ್ಮ ಮೋಟರ್ ಗರಂ ಆದದ್ದೂ ಇಂಥ ಸಾಲಿನಿಂದಲೇ ಇರಬೇಕು. ಎರಡು ಕಂಪನಿಗಳ 5 ಎಚ್‌ಪಿ ಮೋಟರುಗಳ ಕೋರ್ (ಕಬ್ಬಿಣದ ತಿರುಳು) ಉದ್ದ, ಬೋರ್ (ಅದರ ಒಳರಂಧ್ರ) ವ್ಯಾಸ ಬೇರೆ ಇರುತ್ತವೆ. ಟರ್ನ್ಸ್ ನಿಂತಿರುವುದು ಆ ಕಬ್ಬಿಣದ ಅಳತೆಯ ಮೇಲೆ, ಎಚ್‌ಪಿಯ ಮೇಲಲ್ಲ. ಹೀಗಾಗಿ ಡೇಟಾ ಪುಟದ ತಲೆಯಲ್ಲಿ ಎಚ್‌ಪಿಯೊಂದೇ ಇದ್ದರೆ ಸಾಲದು. ಕಂಪನಿ, ಫ್ರೇಮ್ ಸಂಖ್ಯೆ, ಕಿಲೋವ್ಯಾಟ್, ಆರ್‌ಪಿಎಂ, ಸ್ಲಾಟ್ ಸಂಖ್ಯೆ, ಮಿಲಿಮೀಟರಿನಲ್ಲಿ ಕೋರ್ ಉದ್ದ ಮತ್ತು ಬೋರ್, ಇಷ್ಟೂ ಇರಲಿ. ಮುಂದೆ ಅಂಥದ್ದೇ ಮೋಟರ್ ಬಂದಾಗ ಮೊದಲು ಕೋರ್ ಅಳೆದು ಹೋಲಿಸಿ. ಅಳತೆ ಕೂಡದಿದ್ದರೆ ಆ ಪುಟ ಆ ಮೋಟರಿನದಲ್ಲ.

ಗೇಜ್ ವಿಷಯ. 20 ಎಂದಷ್ಟೇ ಬರೆದರೆ ಎಸ್‌ಡಬ್ಲ್ಯುಜಿಯೋ (ಬ್ರಿಟಿಷ್ ಗೇಜ್) ಎಡಬ್ಲ್ಯುಜಿಯೋ (ಅಮೆರಿಕದ ಗೇಜ್)? ನಮ್ಮ ಅಂಗಡಿಗಳಲ್ಲಿ ನಡೆಯುವುದು ಎಸ್‌ಡಬ್ಲ್ಯುಜಿ, ವಿಡಿಯೊ ಮತ್ತು ಹೊರದೇಶದ ಚಾರ್ಟುಗಳಲ್ಲಿ ಹೆಚ್ಚಾಗಿ ಎಡಬ್ಲ್ಯುಜಿ. 20 ಎಸ್‌ಡಬ್ಲ್ಯುಜಿ ಎಂದರೆ 0.914 ಮಿ.ಮೀ., 20 ಎಡಬ್ಲ್ಯುಜಿ ಎಂದರೆ 0.812 ಮಿ.ಮೀ. ಅಡ್ಡಕೊಯ್ತದಲ್ಲಿ ತಾಮ್ರ ಐದರಲ್ಲಿ ಒಂದು ಪಾಲು ಕಡಿಮೆ. ಅಷ್ಟೇ ಕರೆಂಟ್ ಸಣ್ಣ ತಂತಿಯಲ್ಲಿ ಹರಿದರೆ ಬಿಸಿ ಏರಲೇಬೇಕು. ಅದಕ್ಕೇ ಗೇಜಿನ ಪಕ್ಕದಲ್ಲಿ ಯಾವಾಗಲೂ ಮಿಲಿಮೀಟರ್ ಬರೆಯಿರಿ. ಮೈಕ್ರೋಮೀಟರಿನಲ್ಲಿ ಅಳೆಯುವ ಮುಂಚೆ ಎನಾಮೆಲ್ ಸುಟ್ಟು ಒರೆಸಿ. ಎನಾಮೆಲ್ ಸಮೇತ ಅಳೆದರೆ 20 ಗೇಜಿನ ತಂತಿ 19ಕ್ಕೆ, ಅಂದರೆ 1.016 ಮಿ.ಮೀ.ಗೆ, ಹತ್ತಿರ ಕಾಣಬಹುದು. ಯಾವುದನ್ನು ಅಳೆದಿರಿ ಎಂಬುದನ್ನೂ 'ಬೋಳು' ಅಥವಾ 'ಎನಾಮೆಲ್ ಸಹಿತ' ಎಂದು ನಮೂದಿಸಿ. ಕಾಯಿಲ್ ಒಂದೇ ತಂತಿಯದೋ ಎರಡು ತಂತಿ ಕೂಡಿಸಿ ಸುತ್ತಿದ್ದೋ ಅದೂ ಬರಬೇಕು.

ಪಿಚ್ ಬರೆಯುವಾಗ ಸ್ಲಾಟಿನಿಂದ ಸ್ಲಾಟಿಗೆ ಬರೆಯಿರಿ. 36 ಸ್ಲಾಟ್, 4 ಪೋಲ್ ಮೋಟರಿನಲ್ಲಿ ಪೂರ್ಣ ಪಿಚ್ 1–10. ಹಳೆಯ ಕಾಯಿಲ್ 1–9 ಇದ್ದರೆ ಅದು ಬೇಕೆಂದೇ ಕಡಿಮೆ ಮಾಡಿದ ಪಿಚ್ ಇರಬಹುದು, 'ಸರಿಪಡಿಸಲು' ಹೋಗಬೇಡಿ. 'ಪಿಚ್ 9' ಎಂದು ಬರೆದರೆ ಆರು ತಿಂಗಳ ಮೇಲೆ ಅದು 1–9 ಆಗಿತ್ತೋ 1–10 ಆಗಿತ್ತೋ ಎಂದು ನಿಮಗೇ ಗೊತ್ತಾಗುವುದಿಲ್ಲ. ಟರ್ನ್ಸ್ ಎಣಿಸಲು ಒಂದೇ ಕಾಯಿಲ್ ಸಾಲದು. ಬೇರೆ ಬೇರೆ ಗ್ರೂಪಿನ ಮೂರು ಕಾಯಿಲ್ ಎಣಿಸಿ ಮೂರೂ ಅಂಕಿ ಬರೆಯಿರಿ.

ಕನೆಕ್ಷನ್ ಬರೆಯದ ಡೇಟಾ ಅತಿ ಅಪಾಯದ್ದು. ಸ್ಟಾರಿಗೆಂದು ಸುತ್ತಿದ ಮೋಟರನ್ನು ಡೆಲ್ಟಾ ಮಾಡಿದರೆ ಪ್ರತಿ ಫೇಸಿಗೂ 1.73 ಪಟ್ಟು ವೋಲ್ಟೇಜ್ ಬರುತ್ತದೆ, ಕೋರ್ ಸ್ಯಾಚುರೇಟ್ ಆಗಿ ಲೋಡ್ ಇಲ್ಲದೆಯೂ ಮೋಟರ್ ಸುಡುತ್ತದೆ. ಡೆಲ್ಟಾದ್ದನ್ನು ಸ್ಟಾರ್ ಮಾಡಿದರೆ ಟಾರ್ಕ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಟೇಬಲ್ ಮೇಲೆ ಖಾಲಿ ತಿರುಗಿಸಿದಾಗ ಆರಾಮಾಗಿ ಓಡಿ, ಮಿಲ್ಲಿನಲ್ಲಿ ಲೋಡ್ ಬಿದ್ದ ಮೇಲೆ ಗರಂ ಆಗುವ ಮೋಟರ್ ಇದೇ ಜಾತಿಯದು. ಒಳಗಿನ ಗ್ರೂಪುಗಳು ಸೀರೀಸೋ ಎರಡು ಪ್ಯಾರಲಲ್ಲೋ ಎಂಬುದನ್ನು ಬಿಟ್ಟರೂ ಪರಿಣಾಮ ಇಂಥದ್ದೇ. ನಿಮ್ಮ ವಾಪಸ್ ಬಂದ ಮೋಟರಿನಲ್ಲಿ ನಾನಾದರೆ ಮೊದಲು ಕನೆಕ್ಷನ್, ಆಮೇಲೆ ಗೇಜ್, ಆಮೇಲೆ ಟರ್ನ್ಸ್ ಈ ಕ್ರಮದಲ್ಲಿ ನೋಡುತ್ತೇನೆ.

ಇನ್ನೊಂದು ಕಾಲಂ ಯಾರೂ ಇಡುವುದಿಲ್ಲ, ನೀವು ಇಡಿ: ಬಿಚ್ಚಿದ ವೈಂಡಿಂಗ್ ಕಂಪನಿಯದೋ, ಮೊದಲೇ ಯಾರೋ ರಿವೈಂಡ್ ಮಾಡಿದ್ದೋ? ಎರಡನೆಯದಾದರೆ ಹಿಂದಿನವರ ತಪ್ಪನ್ನು ನೀವು ಡೇಟಾ ಎಂದು ದಾಖಲಿಸುತ್ತಿರಬಹುದು. ಅಂಥ ಪುಟಕ್ಕೆ ತಲೆಯಲ್ಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಕೆಲಸ ಮುಗಿದು, ಮಿಲ್ಲಿನಲ್ಲಿ ಲೋಡಿನ ಮೇಲೆ ಓಡಿ, ಮೂರು ಫೇಸಿನ ಕರೆಂಟ್ ಸರಿ ಬಂತು ಎಂದು ಗೊತ್ತಾದ ಮೇಲೆ ಮಾತ್ರ ಅದನ್ನು ಅಳಿಸಿ 'ನಡೆದಿದೆ' ಎಂದು ತಾರೀಖು ಹಾಕಿ. ನಂಬಬಹುದಾದ ಪುಟ, ನಂಬಬಾರದ ಪುಟ ಎಂಬ ಭೇದ ಬರುವುದು ಈ ಒಂದು ಗುರುತಿನಿಂದ.

ಟೆಸ್ಟ್ ಅಂಕಿಗಳೂ ಅದೇ ಪುಟದಲ್ಲಿರಲಿ: 500 ವೋಲ್ಟ್ ಮೆಗ್ಗರಿನ (ಇನ್ಸುಲೇಷನ್ ಅಳೆಯುವ ಮೀಟರಿನ) ರೀಡಿಂಗ್, ಮೂರೂ ಫೇಸಿನ ರೆಸಿಸ್ಟೆನ್ಸ್, ಖಾಲಿ ಓಡುವಾಗಿನ ಮೂರು ಫೇಸಿನ ಆಂಪಿಯರ್, ಆ ಹೊತ್ತಿನ ವೋಲ್ಟೇಜ್. ಜೊತೆಗೆ ಆ ಹೊತ್ತಿನ ಉಷ್ಣಾಂಶ. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು ಶೇ 0.4ರಷ್ಟು ಬದಲಾಗುತ್ತದೆ, ಡಿಸೆಂಬರ್ ಬೆಳಿಗ್ಗೆಗೂ ಕಲಬುರಗಿಯ ಮೇ ಮಧ್ಯಾಹ್ನಕ್ಕೂ 25 ಡಿಗ್ರಿ ಅಂತರ ಬಂದರೆ ಒಂದೇ ಮೋಟರ್ ಶೇ 10ರಷ್ಟು ಬೇರೆ ಅಂಕಿ ತೋರಿಸುತ್ತದೆ. ಇನ್ಸುಲೇಷನ್ ರೆಸಿಸ್ಟೆನ್ಸ್ ಅಂತೂ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಉಷ್ಣಾಂಶ ಬರೆಯದಿದ್ದರೆ ಮುಂದಿನ ಸಲ ಮೋಟರ್ ಕೆಟ್ಟಿದೆಯೋ ಬಿಸಿಲು ಹೆಚ್ಚಿದೆಯೋ ತಿಳಿಯದು.

ಫೋಟೊ ತೆಗೆಯಿರಿ, ಆದರೆ ಒಂದು ಶಿಸ್ತಿನಲ್ಲಿ. ಮೋಟರ್ ಅಂಗಡಿಗೆ ಬಂದ ಕೂಡಲೇ ಒಂದು ಜಾಬ್ ನಂಬರ್ ಕೊಟ್ಟು ರಟ್ಟಿನ ಚೀಟಿಯಲ್ಲಿ ದಪ್ಪಗೆ ಬರೆದು, ಆ ಚೀಟಿ ಚಿತ್ರದಲ್ಲಿ ಕಾಣುವಂತೆ ಇಟ್ಟು ಫೋಟೊ ತೆಗೆಯಿರಿ. ನೇಮ್‌ಪ್ಲೇಟ್, ಟರ್ಮಿನಲ್ ಬಾಕ್ಸ್, ಕನೆಕ್ಷನ್ ಬದಿಯ ಓವರ್‌ಹ್ಯಾಂಗ್, ಎದುರು ಬದಿ, ಈ ನಾಲ್ಕು ಸಾಕು. ಪುಟದ ಮೇಲೂ ಅದೇ ನಂಬರ್. ಆಗ ಗ್ಯಾಲರಿಯಲ್ಲಿ ಕಳೆದುಹೋದ ಫೋಟೊ ಕೂಡ ಯಾವ ಮೋಟರಿನದು ಎಂದು ತಾನೇ ಹೇಳುತ್ತದೆ.

ಎರಡನೇ ಪುಸ್ತಕ ಫಾಲ್ಟಿನದು. ಇದನ್ನು ಮೋಟರಿನ ಹೆಸರಿನಲ್ಲಿ ಬರೆಯಬೇಡಿ, ಲಕ್ಷಣದ ಹೆಸರಿನಲ್ಲಿ ಬರೆಯಿರಿ, ಯಾಕೆಂದರೆ ನೀವು ಹುಡುಕಿಕೊಂಡು ಬರುವುದು ಲಕ್ಷಣ ಹಿಡಿದೇ. 'ಲೋಡಿನಲ್ಲಿ ಗರಂ', 'ಎತ್ತುವುದಿಲ್ಲ, ಗುಂಯ್ ಎನ್ನುತ್ತದೆ', 'ಹತ್ತು ನಿಮಿಷಕ್ಕೆ ಟ್ರಿಪ್' ಎಂದು ತಲೆಬರಹ. ಕೆಳಗೆ ಗಿರಾಕಿ ಹೇಳಿದ್ದು, ನೀವು ಕಂಡದ್ದು, ಅಳೆದದ್ದು, ಸಿಕ್ಕ ಕಾರಣ. ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ. ಉದಾಹರಣೆಗೆ ಸುಟ್ಟ ವೈಂಡಿಂಗಿನ ಗುರುತು. ಸ್ಟಾರ್ ಮೋಟರಿನಲ್ಲಿ ಎರಡು ಫೇಸ್ ಸುಟ್ಟು ಒಂದು ಚೆನ್ನಾಗಿದ್ದರೆ, ಅಥವಾ ಡೆಲ್ಟಾದಲ್ಲಿ ಒಂದೇ ಫೇಸ್ ಸುಟ್ಟು ಎರಡು ಚೆನ್ನಾಗಿದ್ದರೆ, ಒಂದು ಫೇಸ್ ಹೋಗಿ ಮೋಟರ್ ಓಡಿದ ಲಕ್ಷಣ ಅದು. ಮೂರೂ ಸಮನಾಗಿ ಕಪ್ಪಾಗಿದ್ದರೆ ಓವರ್‌ಲೋಡ್, ಜಾಮ್, ಇಲ್ಲವೇ ಗಾಳಿ ಸಿಗದಿರುವುದು. ದಾಲ್ ಮಿಲ್ಲಿನಲ್ಲಿ ತೊಗರಿ ಹೊಟ್ಟು, ಧೂಳು ಫ್ಯಾನ್ ಕವರಿನ ಜಾಳಿಗೆ ಮೆತ್ತಿ ಗಾಳಿ ನಿಲ್ಲುವುದು ಸಾಮಾನ್ಯ. ನಿಮ್ಮ ಪುಸ್ತಕದಲ್ಲಿ 'ಮೂರೂ ಕಪ್ಪು, ಜಾಳಿ ಮುಚ್ಚಿತ್ತು' ಎಂದು ನಾಲ್ಕು ಕಡೆ ಬಂದರೆ ಆ ಗಿರಾಕಿಗೆ ರಿವೈಂಡಿಂಗಿಗಿಂತ ಮೊದಲು ಜಾಳಿ ಒರೆಸಲು ಹೇಳಬಹುದು. ಕಾರಣ ಸಿಗದಿದ್ದರೆ ಆ ಜಾಗ ಖಾಲಿ ಬಿಡಿ. ಊಹೆಯಿಂದ ತುಂಬಿದ ಕಾಲಂ ಮುಂದೆ ನಿಮ್ಮನ್ನೇ ದಾರಿ ತಪ್ಪಿಸುತ್ತದೆ.

ವಿಎಫ್‌ಡಿಗೆ ಬೇಕಾದದ್ದು ಬದಲಾವಣೆಯ ಪಟ್ಟಿ. ಪ್ಯಾರಾಮೀಟರ್ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಸಂಖ್ಯೆಯೊಂದನ್ನೇ ಬರೆದಿಟ್ಟರೆ ಇನ್ನೊಂದು ಡ್ರೈವಿನಲ್ಲಿ ಅದು ಬೇರೇನನ್ನೋ ಬದಲಿಸುತ್ತದೆ. ಡ್ರೈವಿನ ಮಾಡೆಲ್, ಪ್ಯಾರಾಮೀಟರ್ ಸಂಖ್ಯೆ, ಅದರ ಅರ್ಥ, ಹಳೆಯ ಅಂಕಿ, ಹೊಸ ಅಂಕಿ, ಯಾಕೆ, ಏನಾಯಿತು, ಈ ಏಳನ್ನೂ ಬರೆಯಿರಿ. ಹಳೆಯ ಅಂಕಿಯನ್ನು ಬದಲಿಸುವ ಮೊದಲೇ ಬರೆಯಬೇಕು. 'ಎಲಿವೇಟರ್ ಎತ್ತುವಾಗ ಓವರ್‌ಕರೆಂಟ್ ಟ್ರಿಪ್, ಆಕ್ಸಲರೇಷನ್ 5ರಿಂದ 15 ಸೆಕೆಂಡ್, ಟ್ರಿಪ್ ನಿಂತಿತು' ಎಂಬ ಒಂದು ಸಾಲು ಹತ್ತು ಸ್ಕ್ರೀನ್‌ಶಾಟಿಗಿಂತ ಮೇಲು. ನಿಲ್ಲಿಸುವ ಸಮಯ ತೀರಾ ಕಡಿಮೆ ಇಟ್ಟರೆ ಲೋಡಿನ ಶಕ್ತಿ ಡ್ರೈವಿನ ಡಿಸಿ ಬಸ್ಸಿಗೆ (ಒಳಗಿನ ಡಿಸಿ ಲೈನಿಗೆ) ಮರಳಿ ಓವರ್‌ವೋಲ್ಟೇಜ್ ಟ್ರಿಪ್ ಬರುತ್ತದೆ. ಈ ಎರಡನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ಕೆಲವು ಡ್ರೈವುಗಳು ಕಾರ್ಖಾನೆಯಿಂದ 60 ಹರ್ಟ್ಸ್ ಬೇಸ್ ಫ್ರೀಕ್ವೆನ್ಸಿಗೆ ಹೊಂದಿಸಿ ಬರುತ್ತವೆ. ಅದನ್ನು ಹಾಗೇ ಬಿಟ್ಟರೆ 50 ಹರ್ಟ್ಸಿನಲ್ಲಿ 415ರ ಬದಲು ಸುಮಾರು 346 ವೋಲ್ಟ್ ಮಾತ್ರ ಸಿಗುತ್ತದೆ. ಎರಡು ಎಚ್ಚರಿಕೆಯನ್ನು ಈ ಪಟ್ಟಿ ಬರೆಯುವ ಪುಸ್ತಕದ ಒಳರಟ್ಟಿನ ಮೇಲೆ ಕೆಂಪಿನಲ್ಲಿ ಬರೆಯಿರಿ: ಸಪ್ಲೈ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಇರುತ್ತದೆ, ಡ್ರೈವಿನ ಮೇಲೆ ಬರೆದಷ್ಟು ಹೊತ್ತು ಕಾದು, ಮೀಟರಿನಿಂದ ಅಳೆದೇ ಕೈ ಹಾಕಬೇಕು. ಮೋಟರ್ ಕೇಬಲ್ ಬಿಚ್ಚದೆ ಮೆಗ್ಗರ್ ಹಚ್ಚಬಾರದು, ಡ್ರೈವ್ ಹೋಗುತ್ತದೆ.

ಪಿಎಲ್‌ಸಿಯಲ್ಲಿ ಪ್ರೋಗ್ರಾಂ ನಕಲು ಮಾಡುವ ಮುಂಚೆ ಇನ್‌ಪುಟ್-ಔಟ್‌ಪುಟ್ ಪಟ್ಟಿ ಬರೆಯಿರಿ: ಅಡ್ರೆಸ್, ಯಾವ ಬಟನ್ ಅಥವಾ ಸೆನ್ಸರ್, ಎನ್‌ಒ (ಒತ್ತದಿದ್ದಾಗ ತೆರೆದಿರುವ ಕಾಂಟ್ಯಾಕ್ಟ್) ಅಥವಾ ಎನ್‌ಸಿ (ಒತ್ತದಿದ್ದಾಗ ಮುಚ್ಚಿರುವುದು), ಟರ್ಮಿನಲ್, ವೈರ್ ನಂಬರ್. ಸ್ಟಾಪ್ ಬಟನ್ ಎನ್‌ಸಿ ಇದ್ದಾಗ ಲ್ಯಾಡರಿನಲ್ಲಿ (ಪಿಎಲ್‌ಸಿ ಪ್ರೋಗ್ರಾಮಿನ ಚಿತ್ರದಲ್ಲಿ) ಎನ್‌ಒ ಚಿಹ್ನೆ ಯಾಕೆ ಬರುತ್ತದೆ ಎಂದು ಕಲಿಯುವವರು ತಡಕಾಡುವುದು ಈ ಪಟ್ಟಿ ಇಲ್ಲದ್ದರಿಂದಲೇ. ಮಾಡೆಲ್ ಬರೆಯುವುದನ್ನು ಇಲ್ಲಿಯೂ ಬಿಡುವಂತಿಲ್ಲ. ಮಿತ್ಸುಬಿಷಿಯ ಎಫ್‌ಎಕ್ಸ್3ಯು ಪಿಎಲ್‌ಸಿಯಲ್ಲಿ ಇನ್‌ಪುಟ್ ಎಕ್ಸ್7 ಆದ ಮೇಲೆ ನೇರ ಎಕ್ಸ್10, ಎಕ್ಸ್8 ಇಲ್ಲ. ಟೈಮರ್ ಟಿ0ರಲ್ಲಿ ಕೆ50 ಎಂದು ಇಟ್ಟರೆ 5 ಸೆಕೆಂಡ್, ಟಿ200ರಲ್ಲಿ ಅದೇ ಕೆ50 ಅರ್ಧ ಸೆಕೆಂಡ್. ಮಾಡೆಲ್ ಇಲ್ಲದ ಟೈಮರ್ ಟಿಪ್ಪಣಿ ಇನ್ನೊಂದು ಮಷಿನ್ನಿನಲ್ಲಿ ತಪ್ಪು ಹೇಳುತ್ತದೆ.

ರಾತ್ರಿಯ ವಿಡಿಯೊಗೆ ಮೂರನೇ ಪುಸ್ತಕ, ಇದು ಒರಟಾಗಿದ್ದರೂ ನಡೆಯುತ್ತದೆ. ಹತ್ತು ನಿಮಿಷ ನೋಡಿ, ಮೊಬೈಲ್ ಮಗುಚಿಟ್ಟು, ಸರ್ಕ್ಯೂಟನ್ನು ನೆನಪಿನಿಂದ ಬಿಡಿಸಿ. ಆಮೇಲೆ ವಿಡಿಯೊ ತೆರೆದು ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ. ನಿಮಗೆ ಬೇಕಾದ ಟಿಪ್ಪಣಿ ಆ ಕೆಂಪು ಗೆರೆಗಳೇ. ಉಳಿದದ್ದು ನಿಮಗೆ ಗೊತ್ತಿರುವುದು. ಬಲಬದಿಯ ಪುಟ ಖಾಲಿ ಬಿಟ್ಟು ಅಲ್ಲಿ ಪ್ರಶ್ನೆ ಬರೆಯಿರಿ: 'ಸ್ಟಾರ್-ಡೆಲ್ಟಾದಲ್ಲಿ ಓವರ್‌ಲೋಡ್ ರಿಲೇ ಮೇನ್ ಕಾಂಟ್ಯಾಕ್ಟರಿನ ಕೆಳಗಿದ್ದರೆ ಸೆಟ್ಟಿಂಗ್ ನೇಮ್‌ಪ್ಲೇಟ್ ಕರೆಂಟಿನ 0.58 ಪಟ್ಟು ಯಾಕೆ?' ಉತ್ತರ ಎಡಪುಟದಲ್ಲಿ: ರಿಲೇಯಲ್ಲಿ ಹರಿಯುವುದು ಫೇಸ್ ಕರೆಂಟ್, ಅದು ಲೈನ್ ಕರೆಂಟನ್ನು 1.73ರಿಂದ ಭಾಗಿಸಿದಷ್ಟು. ಮರುದಿನ, ನಾಲ್ಕು ದಿನದ ಮೇಲೆ, ಎರಡು ವಾರದ ಮೇಲೆ ಪ್ರಶ್ನೆಯ ಪುಟ ಮಾತ್ರ ತೆರೆದು ಉತ್ತರಿಸಿ ನೋಡಿ. ಈ ಅಂತರ ಕಟ್ಟುನಿಟ್ಟಲ್ಲ, ಬಿಟ್ಟು ಬಿಟ್ಟು ಮಾಡುವುದು ಮುಖ್ಯ. ತೊಗರಿ ಸೀಸನ್ನಿನಲ್ಲಿ ಅಂಗಡಿ ಕೆಲಸ ರಾತ್ರಿವರೆಗೂ ನಡೆದರೆ ಹೊಸ ವಿಡಿಯೊ ನಿಲ್ಲಿಸಿ ಈ ಪ್ರಶ್ನೆಗಳನ್ನಷ್ಟೇ ಮುಂದುವರಿಸಿ.

ಕಾಗದವೋ ಮೊಬೈಲೋ? ಅಂಗಡಿಯ ಟೇಬಲ್ ಮೇಲೆ ಕಾಗದವೇ ಸರಿ. ವಾರ್ನಿಷ್ ಹತ್ತಿದ ಕೈಯಲ್ಲಿ ಸ್ಕ್ರೀನ್ ನಡೆಯುವುದಿಲ್ಲ, ಕನೆಕ್ಷನ್ ಚಿತ್ರ ಪೆನ್ನಿನಲ್ಲಿ ಬೇಗ ಬರುತ್ತದೆ, ಲೈವ್ ಪ್ಯಾನೆಲ್ ಮುಂದೆ ಒಂದು ಕೈಯಲ್ಲಿ ಮೊಬೈಲ್ ಹಿಡಿದು ನಿಲ್ಲುವುದು ಜೀವಕ್ಕೇ ಅಪಾಯ. ಕಾಗದದ ದೋಷ ಎಂದರೆ ಎಣ್ಣೆ, ಬೆಂಕಿ, ಕಳವು. ಮತ್ತೆ ಹುಡುಕುವುದು ಕಷ್ಟ. ಬರೀ ಮೊಬೈಲ್ ಆದರೆ ಜಾಗ ತುಂಬಿದಾಗ ವಾಟ್ಸ್‌ಆ್ಯಪಿನ ಫೋಟೊ, ಆಡಿಯೊ ಒಟ್ಟಿಗೆ ಅಳಿಸಿಹೋಗುತ್ತವೆ. ಆ್ಯಪ್ ಕೂಡ ತಪ್ಪಲ್ಲ, ಆದರೆ ಒಳಗಿನದನ್ನು ಸಾದಾ ಫೈಲಾಗಿ ಹೊರತೆಗೆಯಲು ಬಾರದ ಆ್ಯಪಿಗೆ ವರ್ಷಗಳ ಡೇಟಾ ಒಪ್ಪಿಸಬೇಡಿ. ನಿಮಗೆ ನನ್ನ ಸಲಹೆ: ಕೈಬರಹದ ಪುಟ ಮೂಲ, ವಾರಕ್ಕೊಮ್ಮೆ, ರಜೆಯ ದಿನ, ಮೋಟರ್ ಡೇಟಾವನ್ನು ಒಂದೇ ಸ್ಪ್ರೆಡ್‌ಶೀಟಿನಲ್ಲಿ ಮೋಟರಿಗೊಂದು ಸಾಲಿನಂತೆ ಏರಿಸಿ, ಪುಟದ ಫೋಟೊ ಒಂದು ಫೋಲ್ಡರಿನಲ್ಲಿ. ಅದರ ಒಂದು ನಕಲು ಮೊಬೈಲಿನ ಹೊರಗೆ, ಕ್ಲೌಡಿನಲ್ಲೋ ಪೆನ್‌ಡ್ರೈವಿನಲ್ಲೋ, ಇರಲಿ. ಏರಿಸುವಾಗ 0.914 ಹೋಗಿ 0.194 ಆಗಬಹುದು, ಏರಿಸಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ ತಾಳೆ ನೋಡಿ.

ಉಸ್ತಾದರ ವಾಯ್ಸ್ ಮೆಸೇಜುಗಳನ್ನು ಅಂದಂದೇ ಎರಡು ಸಾಲಿಗೆ ಇಳಿಸಿ ಅವರಿಗೇ ಓದಿ ಹೇಳಿ. 'ಹಂಗಲ್ಲೋ' ಎಂದು ಅವರು ತಿದ್ದುವ ಜಾಗದಲ್ಲೇ ನಿಜವಾದ ಪಾಠ ಇರುತ್ತದೆ. ಅಂಗಡಿಯ ಹಳೆಯ ಡೇಟಾ ಪುಸ್ತಕ ಮಾಲೀಕರ ಗಳಿಕೆ, ಕೇಳದೆ ಅದರ ಫೋಟೊ ತೆಗೆಯಬೇಡಿ.

ಭಾಷೆಯ ಬಗ್ಗೆ ಹಿಂಜರಿಕೆ ಬೇಡ. ಕಾರಣ, ಲಕ್ಷಣ, ಎಚ್ಚರಿಕೆಯನ್ನು ನೀವು ಮಾತಾಡುವ ಕನ್ನಡದಲ್ಲೇ ಬರೆಯಿರಿ, ಉಸ್ತಾದರ ಉರ್ದು ಮಾತು ಬಂದರೆ ಅದನ್ನೂ ಹಾಗೇ ಬರೆಯಿರಿ. ಟರ್ಮಿನಲ್ ಗುರುತು, ಪ್ಯಾರಾಮೀಟರ್ ಹೆಸರು, ಫಾಲ್ಟ್ ಕೋಡ್ ಮಾತ್ರ ಮಷಿನ್ನಿನ ಮೇಲೆ ಹೇಗಿದೆಯೋ ಅದೇ ಅಕ್ಷರದಲ್ಲಿ ಇರಲಿ. ಮ್ಯಾನ್ಯುಯಲ್ಲಿನಲ್ಲಿ ಹುಡುಕುವಾಗ ಬೇಕಾಗುವುದು ಅದೇ.

ಇನ್ನು ತುಂಬಿದ ನಾಲ್ಕು ನೋಟ್‌ಬುಕ್ಕು. ಮತ್ತೆ ಬರೆಯಬೇಡಿ. ಅವಕ್ಕೆ 1ರಿಂದ 4ರವರೆಗೆ ನಂಬರ್ ಕೊಡಿ, ಪುಟಗಳಿಗೆ ನಂಬರ್ ಹಾಕಿ, ಒಂದು ಸಂಜೆ ಕೂತು ಯಾವ ಮೋಟರ್ ಯಾವ ಪುಸ್ತಕದ ಯಾವ ಪುಟದಲ್ಲಿದೆ ಎಂಬ ಪಟ್ಟಿ ಮಾಡಿ. ಅಲ್ಲಿನ ಒಂದು ಡೇಟಾ ಕೆಲಸಕ್ಕೆ ಬೇಕಾದ ದಿನ, ಎದುರಿನ ಮೋಟರಿನ ಕೋರಿನೊಂದಿಗೆ ತಾಳೆ ನೋಡಿ, ಆಗ ಮಾತ್ರ ಹೊಸ ಪುಟಕ್ಕೆ ತನ್ನಿ. ಕನೆಕ್ಷನ್ ಇಲ್ಲದ, ಕೋರ್ ಅಳತೆ ಇಲ್ಲದ ಹಳೆಯ ಸಾಲುಗಳ ಪಕ್ಕದಲ್ಲಿ ಇವತ್ತೇ ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಡಿ. ಸ್ಕ್ರೀನ್‌ಶಾಟುಗಳಲ್ಲಿ ಈ ತಿಂಗಳು ಒಮ್ಮೆಯೂ ತೆರೆಯದವನ್ನು ಒಂದು ಫೋಲ್ಡರಿಗೆ ಸರಿಸಿ, ಮೂರು ತಿಂಗಳು ಬಿಟ್ಟು ಅಳಿಸಿ. ವಾಪಸ್ ಬಂದ ಆ 5 ಎಚ್‌ಪಿ ಮೋಟರ್ ಇನ್ನೂ ಅಂಗಡಿಯಲ್ಲೇ ಇದ್ದರೆ ಹೊಸ ಡೇಟಾ ಪುಸ್ತಕದ ಮೊದಲ ಪುಟ ಅದರದೇ ಆಗಲಿ, ಬಿಚ್ಚುವ ಮುಂಚೆ ನಾಲ್ಕು ಫೋಟೊ ತೆಗೆದುಕೊಳ್ಳಿ.